ಲೂಸಿಯ ಹ್ಯಾಂಡ್‌ಬ್ಯಾಗು

ಟಕ್ — ಲೂಸಿಯ ಹ್ಯಾಂಡ್‌ಬ್ಯಾಗಿನ ಕೊಂಡಿ ಬಿಚ್ಚಿಕೊಂಡ ಸದ್ದು. ಚರ್ಚಿನ ಕ್ವಾಯರಿನಲ್ಲಿ ಹಾಡುವ ಎಲ್ಲರ ಮುಂದೆ ಅದನ್ನು ತೆಗೆಸಿದವಳು ನಾನು. ಅವಳು ಕದ್ದಿಲ್ಲವೆಂದು ಗೊತ್ತಾದ ಮೇಲೂ ಬಾಯಿ ಬಿಡದವಳು ನಾನೇ. ಆರು ವರ್ಷವಾಯಿತು.

ದೆಹಲಿಯ ಜನಕಪುರಿಯ ನಮ್ಮ ಚರ್ಚಿನಲ್ಲಿ ತಿಂಗಳಿಗೊಮ್ಮೆ, ಮತ್ತು ಹಬ್ಬಗಳಂದು, ಕನ್ನಡದಲ್ಲಿ ಬಲಿಪೂಜೆ, ಅಂದರೆ ಮಾಸ್. ಟೈಪಿಸ್ಟ್ ಕೆಲಸದಿಂದ ರಿಟೈರ್ ಆದಮೇಲೆ ಅಲ್ಲಿನ ಹಾಡುಗಾರರನ್ನು ನಡೆಸುವುದೇ ನನ್ನ ಬದುಕಾಗಿತ್ತು — ಅದು, ಮತ್ತು ನನ್ನ ಅಡುಗೆಮನೆ. ನಮ್ಮಪ್ಪ ಈಸ್ಟರಿಗೆಂದು ರಾಗ ಹಾಕಿದ ಅಲ್ಲೇಲೂಯಾ ಸ್ತುತಿಗೀತೆ ಒಂದು ಹಳೇ ನೋಟ್‌ಬುಕ್ಕಿನಲ್ಲಿತ್ತು. ಯಾರಿಗೂ ಕಾಪಿ ಕೊಡುತ್ತಿರಲಿಲ್ಲ. ಪ್ಯೂರ್ ವ್ಯಾನಿಟಿ.

ಲೂಸಿ ರೋಹಿಣಿಯಿಂದ ಮೆಟ್ರೋ ಹಿಡಿದು ಬರುತ್ತಿದ್ದಳು. ಗಂಡ ಹೋದ ಮೇಲೆ ಅವಳನ್ನು ಮನೆಯಿಂದ ಹೊರಗೆ ತಂದದ್ದೇ ಈ ಹಾಡು. ಕಂಠ — ಏನು ಹೇಳಲಿ, ನನ್ನದು ಒಡೆಯುತ್ತಿದ್ದ ಹೊತ್ತಿಗೆ ಅವಳದು ತುಂಬಿಕೊಂಡಿತ್ತು. ಆ ವರ್ಷ ಅಲ್ಲೇಲೂಯಾದಲ್ಲಿ ಒಬ್ಬರೇ ಹಾಡುವ ಸೋಲೋ ಅವಳಿಗೇ ಎಂದು ಎಲ್ಲರೂ ಅಂದರು. ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾಗುವ ಹಿಂದಿನ ದಿನ, ಮಂಗಳವಾರ, ನನ್ನ ಮನೆಗೆ ಬಂದಳು. ನಾನು ಹೂವಿನ ಅಚ್ಚನ್ನು ಹಿಟ್ಟಿಗದ್ದಿ ರೋಸ್ ಕುಕಿ ಕರಿಯುತ್ತಿದ್ದೆ. ನೋಟ್‌ಬುಕ್ ತಿರುವುತ್ತ, "ಅಕ್ಕಾ, ಒಂದ್ ಫೋಟೋ ತಗೊಳ್ಲಾ?" ಅಂದಳು. "ನೋ" ಎಂದೆ. ನಕ್ಕಳು. ಆ ನಗು ಯಾಕೋ —

ಈಸ್ಟರಿಗೆ ಒಂದು ವಾರವಿರುವಾಗ, ಗರಿಗಳ ಭಾನುವಾರ, ಪ್ರಾಕ್ಟೀಸಿಗೆ ಹುಡುಕಿದರೆ ನೋಟ್‌ಬುಕ್ ಎಲ್ಲೂ ಇಲ್ಲ. ಚರ್ಚಿಗೆ ಬಂದರೆ ಲೂಸಿ ಅದೇ ರಾಗ ಗುನುಗುತ್ತಿದ್ದಾಳೆ, ಒಂದು ತಪ್ಪಿಲ್ಲದೆ. ಅವಳ ಬ್ಯಾಗು ಉಬ್ಬಿತ್ತು. ನನ್ನನ್ನು ಕಂಡು ಅದನ್ನು ಮಡಿಲಿಗೆಳೆದುಕೊಂಡಳು — ಅಥವಾ ನನಗೆ ಕೂರಲು ಜಾಗ ಮಾಡಿದಳೋ. ಇವತ್ತು ಹೇಳಲಾರೆ.

"ಲೂಸಿ, ಬ್ಯಾಗ್ ತೆಗಿ."

"ಯಾಕಕ್ಕಾ?"

"ತೆಗಿ ಅಂದೆ."

"ಏನ್ರೀ ಮೇಡಂ, ಏರ್‌ಪೋರ್ಟ್ ಚೆಕಿಂಗಾ?" ಎಂದು ಹಿಂದಿನ ಸಾಲಿನಲ್ಲಿ ಹಾಡುವ ರಾಬರ್ಟ್ ನಕ್ಕ. ಬೇರೆ ಯಾರೂ ನಗಲಿಲ್ಲ.

ಟಕ್. ದುಪಟ್ಟಾ, ಜಪಸರ, ನೀರಿನ ಬಾಟಲಿ. ಅಷ್ಟೇ.

"ಹಾಗಾದ್ರೆ ನೋಟ್‌ಬುಕ್ ನಿನ್ ಮನೇಲಿರುತ್ತೆ," ಅಂದುಬಿಟ್ಟೆ. "ಅದು ಸಿಗೋವರ್ಗೂ ನೀನು ಹಾಡೋದು ಬೇಡ."

ಈಸ್ಟರಿನ ಹಿಂದಿನ ದಿನ ಬೆಳಗ್ಗೆ ಸಿಹಿ ಮಾಡಲೆಂದು ರೋಸ್ ಕುಕಿ ಅಚ್ಚಿನ ಡಬ್ಬಿ ತೆಗೆದೆ. ನಲವತ್ತು ದಿನ ಅದನ್ನು ಮುಟ್ಟಿರಲಿಲ್ಲ — ತಪಸ್ಸುಕಾಲದಲ್ಲಿ ನನ್ನ ಮನೆಯಲ್ಲಿ ಸಿಹಿ ಇಲ್ಲ, ಚರ್ಚಿನಲ್ಲಿ ಅಲ್ಲೇಲೂಯಾ ಇಲ್ಲ. ಆ ಪದವನ್ನು ಹಾಳೆಯಲ್ಲಿ ಬರೆದು, ಬಟ್ಟೆ ಸುತ್ತಿ, ಹಬ್ಬದವರೆಗೂ ಬಚ್ಚಿಡುವುದನ್ನು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು. ಈ ವಯಸ್ಸಿನಲ್ಲೂ ಬಿಟ್ಟಿರಲಿಲ್ಲ. ಆ ಮಂಗಳವಾರ ಲೂಸಿ ಹೋದ ಮೇಲೆ, ಹಾಳೆಯ ಬದಲು ಇಡೀ ನೋಟ್‌ಬುಕ್ಕನ್ನೇ ಸುತ್ತಿ ಆ ಡಬ್ಬಿಯಲ್ಲಿ ಅಚ್ಚಿನ ಪಕ್ಕ ಇಟ್ಟು ಮರೆತೇಬಿಟ್ಟಿದ್ದೆ. ನನ್ನ ಬಟ್ಟೆ. ನಾನೇ ಹಾಕಿದ ಗಂಟು.

ಫೋನ್ ಎತ್ತಿಕೊಂಡೆ. ಇಟ್ಟೆ. ನಾಳೆ, ಎದುರಿಗೇ ಹೇಳಿದರಾಯಿತು —

ಈಸ್ಟರ್ ದಿನ ಅವಳು ಕೊನೆಯ ಬೆಂಚಿನಲ್ಲಿ ತುಟಿ ಮುಚ್ಚಿ ಕೂತಿದ್ದಳು. ಅವಳ ಸಾಲುಗಳನ್ನು ಒಡಕು ದನಿಯಲ್ಲಿ ನಾನು ಹಾಡಿದೆ. ಪೂಜೆ ಮುಗಿದ ಮೇಲೆ ಗೇಟಿನ ಹತ್ತಿರ ತಾನಾಗಿಯೇ ಬಂದಳು.

"ಹ್ಯಾಪಿ ಈಸ್ಟರ್, ಅಕ್ಕಾ."

ನಾನು ಕೇಳದೆಯೇ — ಟಕ್ — ಬ್ಯಾಗು ತೆರೆದು ನನ್ನೆದುರು ಹಿಡಿದಳು. "ಸರಿಯಾಗಿ ನೋಡ್ಬಿಡಿ."

ನೋಡಿದೆ. ದೇವರಾಣೆ, ಬಗ್ಗಿ ನೋಡಿದೆ. ಅವಳಿಗೆ ಕೊಟ್ಟುಬಿಡಬೇಕೆಂದು ತಂದಿದ್ದ ನೋಟ್‌ಬುಕ್ ನನ್ನ ಕಂಕುಳ ಬ್ಯಾಗಿನಲ್ಲಿತ್ತು, ಅಂಚು ಹೊರಗಿಣುಕುತ್ತಿತ್ತು. ಅವಳ ಕಣ್ಣು ಅದರ ಮೇಲೆ ಒಂದು ಕ್ಷಣ ನಿಂತಿತೆಂದು ನನಗೆ ಈಗಲೂ ಅನುಮಾನ. ನಾನು ತೋಳನ್ನು ಇನ್ನಷ್ಟು ಬಿಗಿದುಕೊಂಡೆ. ಅವಳು ಕೊಂಡಿ ಹಾಕಿಕೊಂಡು, ರಿಕ್ಷಾ ಹತ್ತಿ ಹೋದಳು.

ಅವಳನ್ನು ನಾನು ನೋಡಿದ್ದು ಅದೇ ಕೊನೆ.