ಮಳೆ ಬರಬಾರದೆಂದು ಬೇಡಿದ ವಾರ

ನಿನ್ನೆ ಕೂಲರಿಗೆ ಈ ವರ್ಷದ ಮೊದಲ ನೀರು ಹಾಕಿದೆ. ನಾಗಪುರದ ಬೇಸಿಗೆ ಕಂಡವರಿಗೆ ಆ ವಾಸನೆ ಗೊತ್ತು. ಕೂಲರಿನ ಬದಿಗೆ ತುಂಬಿದ, ತಿಂಗಳುಗಟ್ಟಲೆ ಒಣಗಿದ್ದ ಲಾವಂಚದ ಬೇರಿಗೆ ನೀರು ತಾಗಿದ್ದೇ ತಡ, ಘಮ ಮನೆ ತುಂಬ ಹರಡಿಬಿಡುತ್ತದೆ. ನೀವಾಗಿದ್ದರೆ ಅದರ ಮುಂದೆ ಅಂಗಿಯ ಗುಂಡಿ ಬಿಚ್ಚಿ ಕುಳಿತಿರುತ್ತಿದ್ದಿರಿ. ನಾನು ಮಾತ್ರ ಖಾಲಿ ಬಕೆಟ್ ಹಿಡಿದು ನಿಂತೇ ಇದ್ದೆ. ಪದ್ಮಕ್ಕ ನೆನಪಾಗಿದ್ದರು.

ಧಾರವಾಡದ ಪದ್ಮಕ್ಕ ನಮ್ಮ ಕೆಳಗಿನ ಮನೆಯಲ್ಲಿದ್ದರು. ನಾನು ರೈಲ್ವೆ ಕಚೇರಿಯಲ್ಲಿ ಕಡತಗಳ ಧೂಳು ಕೊಡವುತ್ತಿದ್ದ ಕಾಲದಲ್ಲಿ ವಿಜ್ಞಾನಿಯಾಗಿದ್ದ ಅವರು ಕಾಡಿನ ಉಸಿರು ಅಳೆಯುತ್ತಿದ್ದರು. ಕಾಮಠಿ ದಾಟಿ, ಕನ್ಹಾನ್ ಹೊಳೆಯ ಆಚೆ, ಸಾಗವಾನಿ ಮರಗಳ ನಡುವೆ ಅವರದೊಂದು ಕಬ್ಬಿಣದ ಗೋಪುರ. ಅದರ ತುದಿಯಲ್ಲಿದ್ದ ಯಂತ್ರ ಗಾಳಿಯ ಒಂದೊಂದು ಸುಳಿಯನ್ನೂ ಹಿಡಿದು, ಅದರಲ್ಲಿ ಇಂಗಾಲವೆಷ್ಟು, ನೀರಾವಿಯೆಷ್ಟು, ಮೇಲೆ ಹೋಯಿತೋ ಕೆಳಗೆ ಬಂತೋ ಎಂದು ನೋಡುತ್ತಿತ್ತು. ಎಲೆಯಿರುವ ಕಾಲದಲ್ಲಿ ಮರಗಳು ಹಗಲೆಲ್ಲ ಇಂಗಾಲವನ್ನು ಒಳಗೆಳೆದುಕೊಳ್ಳುತ್ತವೆ, ಬೇರಿನ ನೀರನ್ನು ಆಕಾಶಕ್ಕೆ ಕೊಡುತ್ತವೆ, ಕತ್ತಲಾದ ಮೇಲೆ ಒಂದಿಷ್ಟು ಇಂಗಾಲವನ್ನು ಹಿಂದಿರುಗಿಸುತ್ತವೆ. ಪದ್ಮಕ್ಕ ಇದನ್ನೆಲ್ಲ ಪಕ್ಕದ ಮನೆಯ ಸಂಸಾರದ ಸುದ್ದಿಯಂತೆ ಹೇಳುತ್ತಿದ್ದರು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಅವರು ಗೋಪುರ ಹತ್ತಿದರೆ ನಾನು ಕೆಳಗೆ ನಿಂತು ಏಣಿ ಹಿಡಿಯುತ್ತಿದ್ದೆ. ಏಣಿಗೆ ಬೋಲ್ಟು ಹಾಕಿತ್ತು, ಹಿಡಿಯುವ ಅಗತ್ಯವೇ ಇರಲಿಲ್ಲ. ಆದರೂ ಗಂಡಸಾದವನು ಏನಾದರೂ ಹಿಡಿದುಕೊಂಡಿರಬೇಕಲ್ಲ.

ಅವರ ಜೀವ ಇದ್ದದ್ದು ಗೋಪುರದ ಬುಡದಲ್ಲಿ. ಅಲ್ಲಿ ಮಣ್ಣಿಗೆ ಒಂದು ಅಗಲವಾದ ಬಳೆ ಊರಿ, ಅದಕ್ಕೆ ಮುಚ್ಚಳದ ಡಬ್ಬಿ ಕೂರಿಸಿದ್ದರು. ಮುಚ್ಚಳ ಆಗಾಗ ತಾನಾಗಿಯೇ ಮುಚ್ಚಿಕೊಂಡು, ಮಣ್ಣು ಬಿಟ್ಟ ಉಸಿರನ್ನು ಅಳೆದು, ಮತ್ತೆ ತೆರೆದುಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಸಾಗವಾನಿ ಬೋಳಾಗಿ ನಿಂತಾಗ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳೂ ಮಲಗಿರುತ್ತವೆಯಂತೆ. ಮೊದಲ ಮಳೆ ಬಿದ್ದೊಡನೆ ಎಲ್ಲವೂ ಒಟ್ಟಿಗೆ ಎದ್ದು ಭರ್ರನೆ ಉಸಿರು ಬಿಡುತ್ತವೆ. ಆ ದೊಡ್ಡ ಉಸಿರು ಒಂದೆರಡು ದಿನದ್ದು, ಆಮೇಲೆ ಮುಂದಿನ ವರ್ಷಕ್ಕೇ. ಪದ್ಮಕ್ಕನಿಗೆ ಅದು ಇನ್ನೂ ಸಿಕ್ಕಿರಲಿಲ್ಲ. ಒಮ್ಮೆ ಹಂದಿಗಳು ಡಬ್ಬಿ ಕೆಡವಿದ್ದವು, ಇನ್ನೊಮ್ಮೆ ಬ್ಯಾಟರಿ ಕೈಕೊಟ್ಟಿತ್ತು. ನಾನು ಹೇಳುತ್ತಿರುವ ವರ್ಷದ ಮಳೆಗಾಲದಲ್ಲೇ ಅವರ ನಿವೃತ್ತಿ. ಈಗ ತಪ್ಪಿದರೆ ತಪ್ಪಿದ್ದೇ.

ರೋಹಿಣಿ ಮಳೆ ಇನ್ನೇನು ಬರಬೇಕೆನ್ನುವಾಗ ಒಂದು ಭಾನುವಾರ ಅವರು ಡಬ್ಬಿಯ ಧೂಳು ಒರೆಸಲು ಹೊರಟರು. ಜೊತೆಗೆ ನಾನು. ಕಾಡಿಗೆ ಬರಿಗೈಲಿ ಹೋಗುವುದೇ ಎಂದು ನಮ್ಮ ಅವ್ವ ಬುತ್ತಿ ಕಟ್ಟಿಕೊಂಡು ತಾನೂ ಕಾರು ಹತ್ತಿದಳು. ಸಾಗವಾನಿಯ ಚೂರುಪಾರು ನೆರಳಲ್ಲಿ ಕುಳಿತು ರೊಟ್ಟಿ, ಪುಂಡಿಪಲ್ಯ, ಮೊಸರನ್ನ ಉಂಡೆವು.

ಇಲ್ಲಿ ಅವ್ವನ ಒಂದು ವಿಷಯ ಹೇಳಬೇಕು. ಗದಗಿನ ಕಡೆ ಒಂದು ಕೊಡ ನೀರಿಗೆ ಅರ್ಧ ದಿನ ಕಾದು ಬೆಳೆದವಳು ಆಕೆ. ಕೈತೊಳೆದ ನೀರು ಬರೀ ನೆಲಕ್ಕೆ ಬಿದ್ದರೆ ಪಾಪ, ಗಿಡದ ಬುಡಕ್ಕೇ ಬೀಳಬೇಕು. ಆ ಬಳೆಯ ಅಂಚಿನಲ್ಲಿ ಒಂದು ಸಸಿ ಬಾಡಿ ನಿಂತಿತ್ತು. ಅವ್ವ ಅದರ ಮೇಲೆ ಕೈ ತೊಳೆದಳು, ಮೊಸರನ್ನದ ಡಬ್ಬಿಯನ್ನೂ ಗಲಬರಿಸಿ ಚೆಲ್ಲಿದಳು. ಮುಂದಿನ ಪಾಳಿ ನನ್ನದಿತ್ತು. ತಂಬಿಗೆ ಬಗ್ಗಿಸುವಷ್ಟರಲ್ಲಿ ಪದ್ಮಕ್ಕ ಓಡಿ ಬಂದರು.

ಬೈಯುತ್ತಾರೆಂದು ನಾನು ಮುದುಡಿ ನಿಂತೆ. ಅವರು ಬೈಯಲಿಲ್ಲ. ಲ್ಯಾಪ್‌ಟಾಪ್ ತೆರೆದು ಮಣ್ಣಿನಲ್ಲೇ ಕುಕ್ಕರುಗಾಲಲ್ಲಿ ಕುಳಿತರು. ಪರದೆಯ ಮೇಲೆ, ತಿಂಗಳಿಂದ ನೆಲಕ್ಕಂಟಿ ಮಲಗಿದ್ದ ಮಣ್ಣಿನ ಉಸಿರಿನ ಗೆರೆ ಸರ್ರನೆ ಏರುತ್ತಿತ್ತು.

"ಮಣ್ಣು ಎದ್ದೈತಿ ನೋಡ್ರಿ," ಎಂದರು. "ಆದ್ರ ಇದು ಮೊಸರನ್ನದ ಉಸಿರು, ಅವ್ವಾರ. ಅಡವೀದಲ್ಲ."

ತಾನು ಕೆಡಿಸಿದೆನೇ ಎಂದು ಅವ್ವ ಕೇಳಿದಳು. ಹೌದು ಎಂದರು ಪದ್ಮಕ್ಕ. ಸಮಾಧಾನಕ್ಕೂ ಸುಳ್ಳು ಹೇಳದ ಹೆಂಗಸು. ಹೇಳಿದವರೇ ಎದ್ದು, ಬಳೆ ಕಿತ್ತು, ಅತ್ತ ಒಣ ನೆಲದಲ್ಲಿ ಹೊಸದಾಗಿ ಊರಲು ತೊಡಗಿದರು. ಆದರೆ ಕೆದಕಿದ ಮಣ್ಣು ಸುಮ್ಮನಿರದೆ ತಾನಾಗಿಯೇ ಉಸಿರು ಬಿಡುತ್ತದಂತೆ. ಅದು ತಣ್ಣಗಾಗಲು ಒಂದು ವಾರ ಬೇಕು. ಆ ವಾರ ಮಳೆ ಬರಕೂಡದು.

ನಾಗಪುರಕ್ಕೆ ನಾಗಪುರವೇ ಬಾಯಿಬಿಟ್ಟು ಮುಗಿಲು ನೋಡುತ್ತಿದ್ದಾಗ ನಮ್ಮ ಒಂದು ಮನೆಯಲ್ಲಿ ಮಳೆ ಬೇಡವೆಂದು ದೀಪ ಹಚ್ಚುತ್ತಿದ್ದೆವು. "ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ" ಎಂದು ಹಾಡಿಕೊಂಡೇ ಬದುಕಿದ ಅವ್ವ, ಇನ್ನೊಂದಿಷ್ಟು ತಡೆ ಎಂದು ದೇವರಿಗೆ ಕೈಮುಗಿದಳು. ಮೇಲಿನ ಮನೆಯ ಮರಾಠಿ ಬಾಯಿ ಬಂದು ಮಳೆಗಾಗಿ ನೀವೂ ಬೇಡಿಕೊಳ್ಳಿ ಎಂದಾಗ ಅವ್ವ ಕಳ್ಳಿಯಂತೆ ಅಡುಗೆಮನೆ ಸೇರಿದಳು. ನಡುವೆ ಒಂದು ಸಂಜೆ ಊರಿನಲ್ಲಿ ನಾಲ್ಕು ಹನಿ ಬಿತ್ತು. ಓಣಿಯ ಮಕ್ಕಳೆಲ್ಲ ಕುಣಿದರು. ಪದ್ಮಕ್ಕ ಮೆಟ್ಟಿಲ ಮೇಲೆ ಬಿಳಿಚಿಕೊಂಡು ನಿಂತು ಕಾಡಿನ ಕಾವಲುಗಾರನಿಗೆ ಫೋನು ಹಚ್ಚಿದರು. ಅಲ್ಲಿ ಒಂದು ಹನಿಯೂ ಇಲ್ಲವೆಂದು ಗೊತ್ತಾದ ಮೇಲೆ ಅಲ್ಲೇ ಕುಸಿದು ಕುಳಿತು ಅತ್ತರು. ಅಷ್ಟು ಗಟ್ಟಿ ಮನುಷ್ಯರು ಅಳುವುದನ್ನು ನಾನು ಅಂದೇ ನೋಡಿದ್ದು.

ವಾರ ಕಳೆದ ಮರುದಿನ ಮಧ್ಯಾಹ್ನ ಮುಗಿಲು ಕಪ್ಪಾಯಿತು. ಅವ್ವ ಎಲ್ಲರಿಗಿಂತ ಮೊದಲು ಕಾರಿನಲ್ಲಿದ್ದಳು. ಕಾಡು ಸೇರಿ ಗಾಜು ಏರಿಸುವಷ್ಟರಲ್ಲಿ ಮಳೆ ಹೊಡೆಯಿತು. ಕಾರಿನೊಳಗೇ ಮೂವರೂ ಲ್ಯಾಪ್‌ಟಾಪಿನ ಆ ಗೆರೆಯನ್ನೇ ನೋಡುತ್ತ ಕುಳಿತೆವು. ಅದು ಅಲುಗಲಿಲ್ಲ. ಪದ್ಮಕ್ಕ ಉಸಿರಾಡುತ್ತಿದ್ದರೋ ಇಲ್ಲವೋ ನಾ ಕಾಣೆ. ಆಮೇಲೆ ಗೆರೆ ತುಸು ತಲೆ ಎತ್ತಿತು. ಎತ್ತಿದ್ದು ಏರಿತು, ಏರುತ್ತಲೇ ಹೋಯಿತು, ಮೊಸರನ್ನದ ಗುಡ್ಡವನ್ನು ಎಲ್ಲೋ ಕೆಳಗೆ ಬಿಟ್ಟು.

ಪದ್ಮಕ್ಕ ಎರಡೂ ಕೈಯಿಂದ ಲ್ಯಾಪ್‌ಟಾಪ್ ಹಿಡಿದು ಮುಂದಕ್ಕೆ ಬಗ್ಗಿದರು. ಊರಲ್ಲಿ ಎಷ್ಟೋ ಹೆರಿಗೆಗಳಿಗೆ ಕೈಜೋಡಿಸಿದ್ದ ಅವ್ವ ಅವರ ಬೆನ್ನ ಮೇಲೆ ಕೈಯಿಟ್ಟು, "ಅಂಜಬ್ಯಾಡ ಪದ್ಮಾ, ಜೀವ ಐತಿ," ಎಂದಳು.

ಪದ್ಮಕ್ಕ ಈಗ ಧಾರವಾಡದಲ್ಲಿದ್ದಾರೆ. ನಿನ್ನೆ ಬಕೆಟ್ ಕೆಳಗಿಟ್ಟು ಅವರಿಗೆ ಫೋನು ಮಾಡಿದೆ. ಬಿಸಿಲಿನ ಗೋಳು ಶುರುಮಾಡುವುದರೊಳಗೆ ಅವರೇ ಕೇಳಿದರು, ಆ ಕಡೆ ಬೇಸಿಗೆಯ ನಡುವಿನ ಅಡ್ಡಮಳೆ ಏನಾದರೂ ಬಿತ್ತೇ ಎಂದು. ಒಂದು ಹನಿಯೂ ಇಲ್ಲ, ಎಲ್ಲ ಸುಟ್ಟು ಸತ್ತಂತಾಗಿದೆ ಎಂದೆ.

"ಛಲೋ ಆತು ಬಿಡ್ರಿ," ಎಂದರು. "ಅಂದ್ರ ಮಣ್ಣಿನ ಉಸಿರು ಇನ್ನೂ ಒಳಗ ಐತಿ."