ಪಟ್ಟಿಗೆ ಸೇರದ ತೂಕ

ಪ್ರಯೋಗಾಲಯದವರೆಲ್ಲ ತಕ್ಕಡಿಯಕ್ಕ ಎಂದು ಕರೆಯುತ್ತಿದ್ದ ಆಕೆ ತೀರಿಕೊಂಡಾಗ ಅರವತ್ತಮೂರರ ವಯಸ್ಸು. ಗಂಡ ಅಕ್ಕಸಾಲಿಗ. ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ನರ್ಸು.

ಆಕೆ ತೂಗುತ್ತಿದ್ದುದು ಪರಮಾಣುವಿನ ಒಡಲಲ್ಲಿರುವ ನ್ಯೂಕ್ಲಿಯಸ್ಸನ್ನು. ಅದರಲ್ಲೂ ನ್ಯೂಟ್ರಾನುಗಳನ್ನು ಮಿತಿಮೀರಿ ತುಂಬಿಕೊಂಡು, ಹುಟ್ಟಿದ ಕ್ಷಣದಲ್ಲೇ ಬೇರೊಂದಾಗಿ ಮಾರ್ಪಡುವಂಥವನ್ನು. ನಕ್ಷತ್ರಗಳು ಡಿಕ್ಕಿಯಾದಾಗ ಇಂಥವು ಹುಟ್ಟಿ, ರೂಪ ಬದಲಿಸುತ್ತ ಕೊನೆಗೆ ಚಿನ್ನವಾಗುತ್ತವೆ ಎಂಬುದು ಬಲ್ಲವರ ಎಣಿಕೆ. ತೂಕ ತಿಳಿಯದೆ ಆ ಲೆಕ್ಕ ಕೂಡುವುದಿಲ್ಲ.

“ನಾನು ಚಿನ್ನ ತೂಗ್ತೀನಿ, ಇವಳು ಚಿನ್ನದ ಮುತ್ತಜ್ಜೀನ ತೂಗ್ತಾಳೆ,” ಎಂದು ಗಂಡ ನೆಂಟರೆದುರು ನಗುತ್ತಿದ್ದ.

“ನಿಮ್ಮ ತಕ್ಕಡಿ ಫ್ಯಾನ್ ಹಾಕಿದ್ರೆ ಓಲಾಡತ್ತೆ. ಸುಮ್ನಿರಿ.”

ಒಂದು ನ್ಯೂಕ್ಲಿಯಸ್ ಮಾತ್ರ ಆಕೆಯ ಕೈಗೆ ಸಿಕ್ಕಿರಲಿಲ್ಲ. ಹರೆಯದಲ್ಲಿ ಹಿಡಿದ ಆ ಆಸೆ ತಲೆ ನರೆತರೂ ಬಿಡಲಿಲ್ಲ. ಮಗಳಿಗೆ ಜಡೆ ಹಾಕುತ್ತಿದ್ದ ಕೈ ನಡುವೆಯೇ ನಿಂತುಬಿಡುತ್ತಿತ್ತು.

ನಿವೃತ್ತಿಯ ವರ್ಷ ಕೊನೆಯ ಅವಕಾಶ ಬಂತು. ನ್ಯೂಕ್ಲಿಯಸ್ಸನ್ನು ಅಯಸ್ಕಾಂತದ ಬಲೆಯೊಳಗೆ ಸುತ್ತಿಸಿ, ಸುತ್ತುವ ವೇಗದಿಂದ ತೂಕ ಕಂಡುಹಿಡಿಯುವುದು ಪದ್ಧತಿ. ಅಯಸ್ಕಾಂತದ ಬಲ ಮೆಲ್ಲನೆ ಜಾರುವುದರಿಂದ, ತೂಕ ಗೊತ್ತಿರುವ ಇನ್ನೊಂದನ್ನು ಮೊದಲೂ ಆಮೇಲೂ ತೂಗಿ ನೋಡಲೇಬೇಕು. ಮೊದಲಿನ ತೂಕ ಮುಗಿಯಿತು. ಬಹಳ ಹೊತ್ತು ಕಾದ ಮೇಲೆ ಬಯಸಿದ್ದು ಬಂತು. ಮತ್ತೆ ಕಾದರು, ಮತ್ತೊಂದು ಬಂತು.

“ಅಕ್ಕಾ, ಗೊತ್ತಿರೋದನ್ನ ತೂಗೋ ಹೊತ್ತಾಯ್ತು,” ಎಂದಳು ಜೊತೆಗಿದ್ದ ಕಿರಿಯ ವಿಜ್ಞಾನಿ.

“ಇರು ಕಣೆ, ಇನ್ನೊಂದು ಬರ್ಲಿ. ಇಷ್ಟು ವರ್ಷಕ್ಕೆ ಬಂದದ್ದನ್ನ ಬಾಗಿಲಲ್ಲಿ ನಿಲ್ಲಿಸ್ಲಾ?”

ಇನ್ನೊಂದೂ ಬಂತು. ಅದರ ಬೆನ್ನಿಗೇ ಅಯಸ್ಕಾಂತವನ್ನು ತಣ್ಣಗಿಡುವ ಯಂತ್ರ ಕೆಟ್ಟು ಅದರ ಬಲ ಕುಸಿಯಿತು. ಗೊತ್ತಿರುವುದನ್ನು ಆಮೇಲೆ ತೂಗುವುದು ಉಳಿದೇ ಹೋಯಿತು.

ಪರದೆಯ ಮೇಲೆ ಸಂಖ್ಯೆಯಿತ್ತು. ಆಕೆ ಇಷ್ಟು ಕಾಲ ಮನಸ್ಸಿನಲ್ಲಿ ಊಹಿಸಿಕೊಂಡಿದ್ದಕ್ಕೆ ಅದು ತೀರ ಹತ್ತಿರವಿತ್ತು; ಆಕೆಗೆ ಹೆದರಿಕೆಯಾದದ್ದೂ ಅದಕ್ಕೇ.

“ಗೊತ್ತಿರೋದನ್ನ ಮೊದಲು ತೂಗಿದ್ದು ಇದೆಯಲ್ಲ ಅಕ್ಕಾ, ಪ್ರಕಟಿಸಿಬಿಡೋಣ. ಯಾರು ಕೇಳ್ತಾರೆ?”

“ನಾನು ಕೇಳ್ತೀನಿ.”

“ಜೀವಮಾನವೆಲ್ಲ ಕಾದಿದ್ದೀರಿ!”

“ಕಾದವಳು ನಾನು. ಇದನ್ನ ನಂಬಿ ಲೆಕ್ಕ ಹಾಕೋರು ಬೇರೆಯವರು.”

ಆ ಸಂಖ್ಯೆಯನ್ನು ಕಣ್ತುಂಬ ನೋಡಿ, ತಾನೇ ಅಳಿಸಿದಳು.

ನಿವೃತ್ತಳಾದ ಮೇಲೂ ಫೋನ್ ಮಾಡಿ, “ಅಯಸ್ಕಾಂತ ರಿಪೇರಿ ಆಯ್ತೇನೆ?” ಎಂದು ಕಿರಿಯಳನ್ನು ಕೇಳುತ್ತಲೇ ಇದ್ದಳು. ರಿಪೇರಿಗೆ ಮೊದಲೇ ಹೃದಯ ನಿಂತಿತು.

ಆಕೆ ಬಿಟ್ಟುಹೋದದ್ದು: ಗಂಡ, ಮಗಳು, ಮೂಗಿನ ಮೇಲೆ ನಿಲ್ಲದ ಒಂದು ಕನ್ನಡಕ, ಕೋಪ ಬಂದಾಗ ಆಕೆಯಂತೆಯೇ ಹುಬ್ಬು ಗಂಟಿಕ್ಕುವ ಮೊಮ್ಮಗಳು, ನ್ಯೂಕ್ಲಿಯಸ್ಸುಗಳ ತೂಕದ ಜಾಗತಿಕ ಪಟ್ಟಿಯಲ್ಲಿ ಇದುವರೆಗೆ ಯಾರಿಂದಲೂ ತಿದ್ದಲಾಗದ ಕೆಲವು ತೂಕಗಳು, ಮತ್ತು ಅದೇ ಪಟ್ಟಿಯಲ್ಲಿ, ಆ ಒಂದು ನ್ಯೂಕ್ಲಿಯಸ್ಸಿನ ಎದುರು, ಇಂದಿಗೂ ತುಂಬದ ಜಾಗ.