ಕೊನೇ ಚೊಂಬು

ಗುರುಬಸಮ್ಮ ನಮ್ಮ ಮಾವಳ್ಳಿಯಲ್ಲಿ ಕೂಸುಗಳಿಗೆ ನೀರು ಹಾಕುವವಳು. ಬಾಣಂತಿಯ ಮನೆಗೆ ಹೋಗಿ, ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲಿನ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ತೋರಿಸಿ ಮಲಗಿಸಿ ಬರುವುದು ಅವಳ ಕೆಲಸ. ಗಂಡ ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಅತ್ತೆ ಈ ಕೆಲಸ ಕೈಗೆ ಕೊಟ್ಟಳಂತೆ. ನಮ್ಮ ಬೀದಿಯಲ್ಲಿ ಬೈಕು ಓಡಿಸುವ ಹುಡುಗರಲ್ಲಿ ಅರ್ಧ ಜನರ ತಲೆಯನ್ನು ತಟ್ಟಿ ಗುಂಡಗೆ ಮಾಡಿದ್ದು ಅವಳೇ. ಯಾರಾದರೂ ಎದುರು ಮಾತಾಡಿದರೆ, "ಲೋ, ನಿನ್ನ ಮೂಗು ನಾನು ಎಳೆದು ನೆಟ್ಟಗೆ ಮಾಡಿದ್ದು. ಇಲ್ದಿದ್ರೆ ಬೋಂಡಾ ಥರ ಇರ್ತಿತ್ತು" ಎಂದು ಬಾಯಿ ಮುಚ್ಚಿಸುತ್ತಾಳೆ.

ನನ್ನ ಮಗ ಕುಶಾಲನಿಗೆ ನೀರು ಹಾಕಿದವಳೂ ಅವಳೇ. ಈಗ ಅವನಿಗೆ ಜೆ.ಸಿ. ರಸ್ತೆಯಲ್ಲಿ ಕಾರಿನ ಸೀಟ್ ಕವರ್ ಅಂಗಡಿ ಇದೆ, ಒಂದೂವರೆ ವರ್ಷದ ಮಗ ಶರಣ್ ಇದ್ದಾನೆ. ಸೊಸೆ ಯಮುನಾ ಮತ್ತೆ ಬಸುರಿ, ಐದು ತಿಂಗಳು. ಮಗುವಿನ ದಿನದ ಸ್ನಾನ ಯಮುನಾ ಮಾಡಿಸಿದರೂ ಭಾನುವಾರದ ಎಣ್ಣೆ ನೀರು ಗುರುಬಸಮ್ಮನದೇ.

ಅವಳದೊಂದು ಮಾತಿದೆ. ಕೂಸು ಅತ್ತು ಒದ್ದಾಡುವಾಗ ಚೊಂಬನ್ನು ಮೇಲೆತ್ತಿ, "ಕಣ್ ಮುಚ್ಕೋ ಮಗಾ, ಇದೇ ಕೊನೇ ಚೊಂಬು" ಅನ್ನುತ್ತಾಳೆ. ಕೂಸು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಕೈಕಾಲು ಆಡಿಸದೆ ನೀರಿಗೆ ಕಾಯುತ್ತದೆ. ಅದು ಕೊನೆಯದಲ್ಲ, ಆಮೇಲೂ ಮೂರು ನಾಲ್ಕು ಬೀಳುತ್ತವೆ. "ಮಕ್ಕಳಿಗೆ ಲೆಕ್ಕ ಬರೋವರೆಗೂ ಈ ಸುಳ್ಳು ನಡೆಯುತ್ತೆ ಕಣಮ್ಮ" ಎಂದು ನಗುತ್ತಾಳೆ.

ಒಂದು ಸೋಮವಾರ ಬೆಳಿಗ್ಗೆ ಶರಣ್ ಹಾಸಿಗೆಯಿಂದ ಇಳಿದವನು ಬಲಗಾಲು ಊರಲಿಲ್ಲ. ಒಂಟಿಕಾಲಿನಲ್ಲಿ ನಿಂತು ಕೈ ಚಾಚಿ ಅತ್ತ. ಎತ್ತಿಕೊಂಡರೆ ಸುಮ್ಮನಾಗುತ್ತಿದ್ದ, ಇಳಿಸಿದರೆ ಕಿರುಚುತ್ತಿದ್ದ. ಮೊಣಕಾಲಿನ ಕೆಳಗೆ ಮುಟ್ಟಿದರೆ ನನ್ನ ಕೈಯನ್ನೇ ದೂಡಿದ. ಬಾವು ಕಾಣಲಿಲ್ಲ, ಗಾಯವೂ ಇರಲಿಲ್ಲ. ನಾನು ಒಲೆಯ ಮೇಲೆ ಹಾಲಿಟ್ಟು ಬಂದು ನೋಡಿದೆ, ಹಾಲು ಇಳಿಸಿ ಬಂದು ಮತ್ತೆ ನೋಡಿದೆ.

ಕುಶಾಲ್ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ನಿಂತಲ್ಲೇ ಹೇಳಿದ. "ನಿನ್ನೆ ಆ ಮುದುಕಿ ಕಾಲು ಎಳೆದು ಎಳೆದು ತಿಕ್ತಾ ಇದ್ಳಲ್ಲ, ಅದೇ ಇದು. ಇನ್ನೇನೂ ಅಲ್ಲ."

"ಸ್ನಾನ ಆದ್ಮೇಲೆ ಮಧ್ಯಾಹ್ನ ಪೂರ್ತಿ ಸ್ಟೂಲು ತಳ್ಕೊಂಡು ಓಡಾಡಿದ್ನಲ್ಲೋ" ಎಂದೆ.

"ನೋವು ಮಾರನೇ ದಿನ ಗೊತ್ತಾಗುತ್ತೆ ಅಮ್ಮ. ನಂಗೂ ಫುಟ್‌ಬಾಲ್ ಆಡಿದಾಗ ಹಂಗೇ ಆಗ್ತಿತ್ತು. ತಲೆಕೆಳಗು ಎತ್ತಿದ್ಳೇನು?"

ಎಳೆಕೂಸನ್ನು ನೀರು ಹಾಕಿದ ಮೇಲೆ ಗುರುಬಸಮ್ಮ ಎರಡೂ ಪಾದ ಹಿಡಿದು ಒಂದು ಗಳಿಗೆ ತಲೆಕೆಳಗು ಎತ್ತುವುದುಂಟು. ಭಾನುವಾರ ಎತ್ತಿದಳೋ ಇಲ್ಲವೋ ನಾನು ನೋಡಿರಲಿಲ್ಲ. ಕೆಂಡ ತರಲು ಹಿತ್ತಲಿಗೆ ಹೋಗಿದ್ದೆ. ಎತ್ತಲಿಲ್ಲ ಎಂಬ ಮಾತು ಬಾಯಿಗೆ ಬಂತು, ನೋಡದ್ದನ್ನು ಹೇಗೆ ಹೇಳಲಿ ಎಂದು ನುಂಗಿಕೊಂಡೆ.

ಬೀದಿಯ ಡಾಕ್ಟರು ಮಧುಸೂದನ್ ಮಗುವಿನ ಕಾಲನ್ನು ಸೊಂಟದಿಂದ ಪಾದದವರೆಗೆ ಮೆಲ್ಲಗೆ ಒತ್ತಿ ನೋಡಿ, "ಎಕ್ಸ್‌ರೇ ತೆಗೆಸಿ ಬನ್ನಿ. ಆಮೇಲೆ ಮಾತಾಡೋಣ" ಎಂದರು. ಮಗು ಬಿದ್ದಿತ್ತೇ ಎಂದು ಕೇಳಿದರು. ಕುಶಾಲ್ ಇಲ್ಲ ಎಂದ. ನಾವು ಆಟೋ ಹತ್ತುವಷ್ಟರಲ್ಲಿ ಗುರುಬಸಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ಯಾರು ಹೇಳಿದರೋ.

"ನಾನೂ ಬರ್ತೀನಿ" ಎಂದಳು.

"ನೀನು ಮಾಡಿರೋದು ಸಾಕು, ಮನೆಗೆ ಹೋಗು" ಎಂದ ಕುಶಾಲ್.

"ಮಾಡಿದೀನೋ ಇಲ್ವೋ ನೋಡೋಕೇ ಬರ್ತಿರೋದು. ಸ್ವಲ್ಪ ಆ ಕಡೆ ಸರಿ."

ಆಟೋದಲ್ಲಿ ಹೆಂಗಸರು ನಾವು ಮೂವರು ಹಿಂದೆ, ಕುಶಾಲ್ ಡ್ರೈವರಿನ ಪಕ್ಕ ಒಂದು ತೊಡೆ ಮಾತ್ರ ಊರಿ. ಸಜ್ಜನ್ ರಾವ್ ಸರ್ಕಲ್ಲಿನಲ್ಲಿ ಬಸ್ಸು ಅಡ್ಡ ನಿಂತಿತ್ತು. ಗಾಡಿ ಕುಲುಕಿದಾಗಲೆಲ್ಲ ಮಗು ಮುಲುಗುತ್ತಿತ್ತು. ಯಮುನಾ ಅದರ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದಳು.

ಎಕ್ಸ್‌ರೇ ಅಂಗಡಿಯ ಬೆಂಚಿನ ಮೇಲೆ ಯಾರಿಗೂ ಕೂರಲು ಆಗಲಿಲ್ಲ. ಕುಶಾಲ್ ಬಾಗಿಲವರೆಗೆ ಹೋಗಿ ಬರುತ್ತಿದ್ದ. ಗುರುಬಸಮ್ಮ ನನ್ನನ್ನು ನೀರಿನ ಕ್ಯಾನಿನ ಕಡೆಗೆ ಎಳೆದುಕೊಂಡು ಹೋದಳು.

"ಸುಬ್ಬಮ್ಮ, ತಲೆಕೆಳಗು ಎತ್ತಲಿಲ್ಲ. ವರ್ಷ ತುಂಬಿದ ಕೂಸನ್ನ ನಾನು ಎತ್ತಲ್ಲ. ಆದ್ರೆ ಕಾಲು ಒಂದ್ಸಲ ಜಾರ್ತು. ಎಣ್ಣೆ ಜಾಸ್ತಿ ಆಗಿತ್ತು. ಗಬಕ್ಕಂತ ಹಿಡ್ಕೊಂಡೆ. ಎಷ್ಟು ಗಟ್ಟಿ ಹಿಡಿದೆ ಅಂತ ಕೈಗೇ ಗೊತ್ತಾಗಲಿಲ್ಲ." ಬಲಗೈ ಹೆಬ್ಬೆರಳನ್ನು ತೋರಿಸಿದಳು. "ಇದು ಜೋಮು ಹಿಡಿದು ಬಹಳ ದಿನ ಆಯ್ತು. ಯಾರಿಗೂ ಹೇಳಿಲ್ಲ. ಹೇಳಿದ್ರೆ ಯಾರು ಕೂಸು ಕೊಡ್ತಾರೆ?"

"ಇರಲಿ, ಚಿತ್ರ ಬರಲಿ."

"ನನ್ನ ಕೈಯಿಂದ್ಲೇ ಆಗಿದ್ರೆ ನಾಳೆಯಿಂದ ಚೊಂಬು ಮುಟ್ಟಲ್ಲ. ಅಷ್ಟೇ."

ಅಷ್ಟೇ ಎಂದಳೇ ಹೊರತು ಆ ಹೆಬ್ಬೆರಳನ್ನು ಸೆರಗಿಗೆ ಉಜ್ಜುತ್ತಲೇ ಇದ್ದಳು. ನಾನು ಅವಳನ್ನು ಬೇರೆ ಕೆಲಸದಲ್ಲಿ ಕಂಡವಳಲ್ಲ. ಹಬ್ಬದ ದಿನವೂ ಯಾರದೋ ಬಚ್ಚಲಿನಲ್ಲೇ ಇರುತ್ತಿದ್ದಳು.

ಶರಣ್ ಹೆಸರು ಕೂಗಿದರು. ಒಳಗಿದ್ದ ಹುಡುಗಿ ಆರಾಧನಾ ಮೊದಲು ಕಾಲ್ಗೆಜ್ಜೆ ಬಿಚ್ಚಿಸಿದಳು. ಬೆಳ್ಳಿ ಇದ್ದರೆ ಚಿತ್ರದಲ್ಲಿ ಬೆಳ್ಳಗೆ ಬಂದು ಮೂಳೆಯನ್ನು ಮುಚ್ಚುತ್ತದಂತೆ. ಆಮೇಲೆ ಯಮುನಾಳ ಹೊಟ್ಟೆ ನೋಡಿ, "ನೀವು ಹೊರಗೇ ಇರಿ ಅಕ್ಕ, ಬಸುರಿಯರು ಒಳಗೆ ಬರೋ ಹಾಗಿಲ್ಲ. ಬೇರೆ ಇಬ್ಬರು ಬನ್ನಿ" ಎಂದಳು. ಮಗು ಅಮ್ಮನ ಕಡೆ ಕೈ ಚಾಚಿ ಚೀರಿತು. ಯಮುನಾ ಬಾಗಿಲು ಮುಚ್ಚುವವರೆಗೂ ನಗುಮುಖ ಮಾಡಿಕೊಂಡೇ ನಿಂತಿದ್ದಳು.

ಕುಶಾಲನಿಗೂ ನನಗೂ ಸೀಸ ತುಂಬಿದ ಏಪ್ರನ್ ತೊಡಿಸಿದರು. ಒದ್ದೆ ಕಂಬಳಿ ಹೊದ್ದ ಹಾಗೆ ಭಾರ. ಕೋಣೆ ತಣ್ಣಗಿತ್ತು, ಮೇಜು ಇನ್ನೂ ತಣ್ಣಗಿತ್ತು. ಮೇಲಿನಿಂದ ತೂಗುವ ದೊಡ್ಡ ಪೆಟ್ಟಿಗೆ ನೋಡಿ ಮಗು ಮೈಯನ್ನೆಲ್ಲ ಬಿಲ್ಲಿನ ಹಾಗೆ ಬಾಗಿಸಿತು.

"ನೋವಾಗಲ್ಲ, ಫೋಟೋ ತೆಗೆದ ಹಾಗೆ. ಎದುರಿಂದ ಒಂದು, ಪಕ್ಕದಿಂದ ಒಂದು" ಎಂದಳು ಆರಾಧನಾ. "ಅತ್ರೂ ಪರವಾಗಿಲ್ಲ, ಅಲ್ಲಾಡಬಾರದು. ಅಜ್ಜಿ ಭುಜ ಹಿಡ್ಕೊಳ್ಳಿ, ಅಪ್ಪ ಪಾದ." ಅವಳು ಗಾಜಿನ ಗೋಡೆಯ ಹಿಂದೆ ಹೋದಳು.

ಟಕ್ ಎಂದಿತು. ಅದೇ ಹೊತ್ತಿಗೆ ಮಗು ಒದೆಯಿತು, ಕುಶಾಲ್ ಕೈ ಬಿಟ್ಟ. ಚಿತ್ರ ಕಲಸಿಹೋಯಿತು. "ಗಟ್ಟಿ ಹಿಡಿಯೋ" ಎಂದೆ. "ಗಟ್ಟಿ ಹಿಡಿದ್ರೆ ನೋಯುತ್ತಲ್ಲಮ್ಮ" ಎಂದ. ಅವನ ಹಣೆಯ ಬೆವರು ಮಗುವಿನ ಮೇಲೆ ತೊಟ್ಟಿಕ್ಕುತ್ತಿತ್ತು. ತೋಳಿನಿಂದ ಹಣೆ ಒರೆಸಿಕೊಂಡು, "ಗುರುಬಸಮ್ಮನ್ನ ಕರೀರಿ" ಎಂದ.

ಗುರುಬಸಮ್ಮ ಏಪ್ರನ್ ತೊಟ್ಟು ಬಂದಳು, ಆದರೆ ಕಾಲಿನ ಹತ್ತಿರ ಹೋಗಲಿಲ್ಲ. "ಆ ಕಾಲು ನಾನು ಮುಟ್ಟಲ್ಲ. ನೀನೇ ಹಿಡ್ಕೋ, ನಿನ್ನ ಮಗ" ಎಂದು ಮಗುವಿನ ತಲೆಯ ಕಡೆ ಬಾಗಿದಳು. ಕೈಯಲ್ಲಿ ಏನೂ ಇರಲಿಲ್ಲ. ಆದರೂ ಚೊಂಬು ಹಿಡಿದ ಹಾಗೆ ಬೆರಳು ಬಾಗಿಸಿ ಮೇಲೆತ್ತಿದಳು.

"ಕಣ್ ಮುಚ್ಕೋ ಮಗಾ, ಇದೇ ಕೊನೇ ಚೊಂಬು."

ಶರಣ್ ಅಳು ನಿಲ್ಲಿಸಿ, ಕಣ್ಣು ಬಿಗಿದು, ಉಸಿರು ಹಿಡಿದು ಕಾದ. ಕಾಲು ಕಲ್ಲಿನ ಹಾಗೆ ನಿಂತಿತು. ಟಕ್ ಎಂದಿತು. ನಾನು ತಲೆಯೆತ್ತಿ ನೋಡಿದರೆ, ಪಾದ ಹಿಡಿದು ನಿಂತಿದ್ದ ನನ್ನ ಮಗನೂ ಕಣ್ಣು ಮುಚ್ಚಿಕೊಂಡಿದ್ದ.

ಪಕ್ಕದ ಚಿತ್ರಕ್ಕೆ ಇನ್ನೊಂದು ಕೊನೇ ಚೊಂಬು ಬೇಕಾಯಿತು.

ಮಧುಸೂದನ್ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದರು. ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಒಂದು ಗೆರೆ, ಓರೆಯಾಗಿ, ಕೂದಲಿನಷ್ಟು ಸಣ್ಣದು. ಅವರು ಬೆರಳಿಟ್ಟು ತೋರಿಸಿದ ಮೇಲೆಯೇ ನನಗೆ ಕಂಡಿದ್ದು. ಗುರುಬಸಮ್ಮ ಗೋಡೆಗೆ ಒರಗಿದಳು.

"ತಿರುಚಿ ಬಿಟ್ಟಿರೋ ಬಿರುಕು" ಎಂದರು ಡಾಕ್ಟರು. "ಈ ವಯಸ್ಸಿನ ಮಕ್ಕಳಲ್ಲಿ ನೋಡ್ತಾ ಇರ್ತೀವಿ. ಯಾರಾದ್ರೂ ಮಗುನ ತೊಡೆ ಮೇಲೆ ಕೂರಿಸ್ಕೊಂಡು ಜಾರುಬಂಡೆ ಜಾರಿದ್ರಾ?"

ಯಮುನಾ ಗಂಡನ ಮುಖ ನೋಡಿದಳು.

"ನಿನ್ನೆ ಸಾಯಂಕಾಲ, ಪಾರ್ಕಲ್ಲಿ" ಎಂದ ಕುಶಾಲ್. "ಒಂದೇ ಒಂದು ಸಲ ಡಾಕ್ಟ್ರೇ. ಒಬ್ಬನೇ ಬಿಟ್ರೆ ಬೀಳ್ತಾನೆ ಅಂತ ಜೊತೆಗೆ ಕೂತೆ. ಕೆಳಗೆ ಬಂದಾಗ ಅತ್ತ. ನಿದ್ದೆ ಬಂದಿದೆ ಅನ್ಕೊಂಡು ಎತ್ಕೊಂಡು ಬಂದೆ."

"ಬೂಟಿನ ರಬ್ಬರು ಜಾರುಬಂಡೆಗೆ ಕಚ್ಕೊಳ್ಳುತ್ತೆ, ನಿಮ್ಮ ಭಾರ ಕೆಳಗೆ ಎಳೆಯುತ್ತೆ, ನಡುವೆ ಕಾಲು ತಿರುಚುತ್ತೆ. ಗೊತ್ತಿಲ್ಲದೆ ಆಗೋದು. ಕಟ್ಟು ಹಾಕಿದ್ರೆ ಕೆಲವು ವಾರದಲ್ಲಿ ಕೂಡ್ಕೊಳ್ಳುತ್ತೆ."

ಗುರುಬಸಮ್ಮ ಗೋಡೆ ಬಿಟ್ಟು ಮುಂದೆ ಬಂದಳು. "ಗಟ್ಟಿಯಾಗಿ ಹಿಡ್ಕೊಂಡ್ರೂ ಹಿಂಗಾಗುತ್ತಾ ಸ್ವಾಮಿ? ನಿನ್ನೆ ಬೆಳಿಗ್ಗೆ ನೀರು ಹಾಕುವಾಗ ನಾನು ಹಿಡ್ಕೊಂಡಿದ್ದೆ."

"ಆಮೇಲೆ ನಡೆದನಾ?"

"ಮಧ್ಯಾಹ್ನವೆಲ್ಲ ಸ್ಟೂಲು ತಳ್ಳಿದ" ಎಂದೆ ನಾನು.

"ಹಾಗಾದ್ರೆ ನಿಮ್ಮದಲ್ಲಮ್ಮ. ಈ ಕಾಲಲ್ಲಿ ಸ್ಟೂಲು ತಳ್ಳೋಕಾಗಲ್ಲ."

ಅವಳು ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಆಟೋದಲ್ಲಿ ಬರುವಾಗಲೂ ಹೆಬ್ಬೆರಳು ಉಜ್ಜುತ್ತಿದ್ದಳು. ಮುಂದೆ ಕುಳಿತ ಕುಶಾಲ್ ತಿರುಗದೆಯೇ, "ತಪ್ಪಾಯ್ತು ಗುರುಬಸಮ್ಮ" ಎಂದ.

"ಅದಿರಲಿ. ಒಳಗೆ ನೀನ್ಯಾಕೋ ಕಣ್ಣು ಮುಚ್ಕೊಂಡಿದ್ದೆ?"

ಡ್ರೈವರೂ ನಕ್ಕ. ನಗು ನಿಂತ ಮೇಲೆ ಯಮುನಾ ಮೆಲ್ಲಗೆ ಕೇಳಿದಳು. "ಇದಕ್ಕೂ ನೀವೇ ಬರ್ತೀರಲ್ವಾ?" ಕೈ ಹೊಟ್ಟೆಯ ಮೇಲಿತ್ತು.

ಗುರುಬಸಮ್ಮ ನ್ಯಾಷನಲ್ ಕಾಲೇಜಿನ ಸಿಗ್ನಲ್ ದಾಟಿದ ಮೇಲೆ ಹೇಳಿದಳು. "ಇವತ್ತು ನಂದಲ್ಲ. ಆದ್ರೆ ನಂದೇ ಆಗಿದ್ರೂ ಈ ಕೈಗೆ ಗೊತ್ತಾಗ್ತಿರಲಿಲ್ಲ ಕಣವ್ವಾ. ಇದು ಜೋಮು ಹಿಡಿದಿದೆ." ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಬೆರಳನ್ನು ಯಮುನಾಳ ಮುಂದೆ ಹಿಡಿದಳು. "ಕೂಸು ಸುಬ್ಬಮ್ಮನ ಕಾಲ ಮೇಲೆ ಮಲಗಲಿ. ಹೆಂಗೆ ಹಿಡೀಬೇಕು ಹೇಳ್ಕೊಡ್ತೀನಿ. ಚೊಂಬು ಮಾತ್ರ ನಾನು ಹಿಡೀತೀನಿ."

"ನನ್ನ ಮೊಣಕಾಲು ನೋಯುತ್ತಲ್ಲೇ" ಎಂದೆ.

"ನೋಯಲಿ. ನೋವು ಗೊತ್ತಾಗೋ ಕಾಲೇ ಬೇಕು."

ಮುಂದಿನ ಭಾನುವಾರ ಅವಳು ಎಂದಿನಂತೆ ಬಂದಳು. ಕಾಲಿನ ಕಟ್ಟಿಗೆ ನೀರು ತಾಗಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು ಎಂದಿದ್ದರು ಡಾಕ್ಟರು. ಬಚ್ಚಲಲ್ಲಿ ನಾನು ಕಾಲು ನೀಡಿ ಕುಳಿತೆ. ಶರಣನನ್ನು ಮಲಗಿಸಿಕೊಂಡು, ಅವಳು ಹೇಳಿದ ಹಾಗೆ ಕತ್ತಿನ ಹಿಂದೆ ಅಂಗೈ ಕೊಟ್ಟೆ. "ಬಿಗೀಬೇಡ, ಹೂವು ತುಂಬಿದ ಮೊರ ಹಿಡ್ಕೊಂಡ ಹಾಗೆ" ಎಂದು ಗದರಿದಳು. ಮುಖ, ಕಂಕುಳು, ಬೆನ್ನು ಎಲ್ಲ ಒರೆಸಿ ಆಯಿತು. ಕಟ್ಟಿನ ಅಂಚಿನಲ್ಲಿ ಬಟ್ಟೆ ಆಡಿಸುವಾಗ ಮಗು ಕೊಸರಾಡಿತು.

"ಕಣ್ ಮುಚ್ಕೋ ಮಗಾ, ಇದೇ ಕೊನೇ ಚೊಂಬು" ಎಂದಳು ಅಭ್ಯಾಸಬಲದಿಂದ.

ಮಗು ಕಣ್ಣು ಮುಚ್ಚಿ ಕಾಯುತ್ತಾ ಮಲಗಿತು. ನೀರು ಬೀಳಲಿಲ್ಲ. ಅದು ಕಣ್ಣು ತೆರೆಯಲೂ ಇಲ್ಲ, ಉಸಿರು ಹಿಡಿದೇ ಇತ್ತು. ಗುರುಬಸಮ್ಮ ನನ್ನ ಮುಖ ನೋಡಿದಳು. ಆಮೇಲೆ ಹಂಡೆಯಿಂದ ಒಂದು ಚೊಂಬು ತುಂಬಿ, ನಮ್ಮಿಂದ ಆಚೆಗೆ, ಬಚ್ಚಲ ಮೂಲೆಯ ಕಲ್ಲಿನ ಮೇಲೆ ದಬದಬನೆ ಹುಯ್ದಳು.

ಸದ್ದು ಕೇಳಿ ಮಗು ಉಸಿರು ಬಿಟ್ಟಿತು.